ಇಣುಕಿದರೆ ಕಣ್ಣು ಮುಚ್ಚುವ ತಕ್ಕಡಿ

ಮೊನ್ನೆ ಶುಂಠಿ ಮಂಡಿಯಲ್ಲಿ ತಕ್ಕಡಿ ಕೆಟ್ಟಿತೆಂದು ಕುಶಾಲನಗರದ ತುಂಬ ಸುದ್ದಿ. ಸುಳ್ಳು! ಮಂಡಿಯ ಸಾಹುಕಾರ ರಿಪೇರಿಯವನಿಂದ ಅದರ ಹೊಟ್ಟೆಗೆ ಕೈ ಹಾಕಿಸಿದ, ಅದು ಕಣ್ಣು ಮುಚ್ಚಿಕೊಂಡಿತು. ನಡೆದದ್ದು ಇಷ್ಟೇ. ಹಾಗೆ ಮಾಡಲು ಅದಕ್ಕೆ ಕಲಿಸಿದವಳು ನನ್ನ ಮೊಮ್ಮಗಳು. ಅವಳಷ್ಟು ಅನುಮಾನದ ಪ್ರಾಣಿ ಕಾವೇರಿಯ ಎರಡೂ ದಡದಲ್ಲಿ ಸಿಕ್ಕದು!

ಐದು ವರ್ಷದವಳಿದ್ದಾಗ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ತಲೆಗೂದಲು ಅಂಟಿಸಿ ಶಾಲೆಗೆ ಹೋಗುತ್ತಿದ್ದಳು. ಸಂಜೆ ಬಂದು, "ಅಜ್ಜಿ, ಯಾರೋ ತೆಗ್ದವ್ರೆ!" ಯಾರೋ ಏನು, ನಾನೇ! ನನ್ನ ಮನೆ, ನನ್ನ ಜಾಡಿ!

ಬೆಳೆಗಾರರ ಸಂಘ ಮಂಡಿಯಲ್ಲಿ ಇರಿಸಿದ ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರೋಗ್ರಾಂ ಬರೆದವಳು ಇವಳೇ. ಬರೆದದ್ದು ಒಂದು ವಾರ, ಯಾರೂ ತಿದ್ದದಂತೆ ಭದ್ರ ಮಾಡಿದ್ದು ಮೂರು ತಿಂಗಳು. ತಾನೇ ಬೀಗ ಹಾಕುತ್ತಾಳೆ, ತಾನೇ ಕನ್ನ ಕೊರೆಯುತ್ತಾಳೆ, ಬಾಗಿಲು ತೆರೆದುಕೊಂಡರೆ ತಾನೇ ಅಳುತ್ತಾಳೆ!

"ಇದೇನೇ ಹುಚ್ಚು?" ಎಂದರೆ, "ಯಾರಾದ್ರೂ ಲ್ಯಾಪ್‌ಟಾಪ್ ಸಿಗಿಸಿ ಹೆಜ್ಜೆಹೆಜ್ಜೆಗೂ ನಿಲ್ಸಿ ನೋಡುದ್ರೆ, ಒಂದಕ್ಷರ ತಿದ್ದುದ್ರೆ, ಅದಕ್ಕೆ ಗೊತ್ತಾಗ್ಬೇಕಜ್ಜಿ. ಗೊತ್ತಾದ್ರೆ ತೂಕನೇ ಹೇಳ್ಬಾರ್ದು."

ಮೊನ್ನೆ ತಕ್ಕಡಿ ಹೇಳಲಿಲ್ಲ. ಬಿಸಿಲಲ್ಲಿ ಊರವರ ಶುಂಠಿಯೆಲ್ಲ ಒಣಗುತ್ತಿತ್ತು. ಒಣಗಿದಷ್ಟೂ ತೂಕ ಇಳಿಯುತ್ತದೆ. ನನ್ನ ಹತ್ತು ಮೂಟೆಯೂ ಅಲ್ಲೇ. ಬೆಳೆಗಾರರು ಅವಳ ಮೇಲೇ ಎಗರಿದರು: "ನಿನ್ ಪ್ರೋಗ್ರಾಂ ಕಿತ್ತಾಕವ್ವ, ಸಾಹುಕಾರ್ರ ಹಳೆ ತಕ್ಕಡಿಲೇ ತೂಗ್ಲಿ!"

ಸಾಹುಕಾರ ನನ್ನ ಕಡೆ ತಿರುಗಿದ. "ನೀವಾದ್ರೂ ಬುದ್ಧಿ ಹೇಳಿ ಅಜ್ಜಿ."

ಹೇಳಿದೆ. "ಕಿತ್ತಾಕೇ ಮಾರಾಯ್ತಿ, ನಮ್ದೂ ಒಣಗ್ತಾ ಅದೆ."

"ಮೊದ್ಲು ತಕ್ಕಡಿ ಪರದೆ ಮೇಲೆ ಏನ್ ಬಂದೈತೆ ಓದಜ್ಜಿ."

ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಕಣ್ಣು ಕಿರಿದು ಮಾಡಿ, ಅಕ್ಷರ ಕೂಡಿಸಿ ಓದಿದೆ: 'ಮುದ್ರೆ ಒಡೆದಿದೆ. ರಾಶಿ ಮುಟ್ಟಬೇಡಿ.'

ಅಯ್ಯೋ, ಅದು ನನ್ನ ಮಾತು! ಕಣದಲ್ಲಿ ಭತ್ತದ ರಾಶಿಯ ಮೇಲೆ ಮರದ ಅಚ್ಚಿನಿಂದ ಬೂದಿ ಮುದ್ರೆ ಒತ್ತುತ್ತಿದ್ದೆ, ಒಂದು ಹಿಡಿ ತೆಗೆದರೂ ಗುರುತು ಕೆಡಲಿ ಎಂದು. ಕೆಟ್ಟಿದ್ದರೆ ಹೀಗೇ ಕೂಗುತ್ತಿದ್ದೆ. ಆಗ ನನ್ನ ಸೊಂಟದ ಮೇಲಿದ್ದ ಈ ಕೂಸು ಕೇಳಿಸಿಕೊಂಡಿತ್ತು!

ನನ್ನ ಮೂಟೆಯ ಮೇಲೆ ಕುಳಿತೇ ಬಿಟ್ಟೆ. "ಒಣಗಿ ಸೌದೆ ಆಗ್ಲಿ. ಯಾವನು ಕೈ ಹಾಕ್ದ ಅಂತ ಹೇಳೋಗಂಟ ಒಂದ್ ಮೂಟೆನೂ ಎತ್ತಕ್ಕಿಲ್ಲ!" ಉಳಿದವರೂ ಒಬ್ಬೊಬ್ಬರಾಗಿ ಕುಳಿತರು.

ಕೊನೆಗೆ ರಿಪೇರಿಯವನು ತಲೆ ಕೆರೆದುಕೊಂಡ. "ಮೂಟೆಗೆ ಎರಡು ಕಿಲೋ ಕಮ್ಮಿ ತೋರ್ಸು ಅಂದ್ರು ಸಾಹುಕಾರ್ರು..."

ಅವಳು ಪ್ರೋಗ್ರಾಂ ಹೊಸದಾಗಿ ತುಂಬಿದಳು. ತಕ್ಕಡಿ ಕಣ್ಣು ಬಿಟ್ಟಿತು.

ಮರುದಿನ ಬೆಳಿಗ್ಗೆ ಅಟ್ಟ ಹತ್ತಿ ಆ ಅಚ್ಚನ್ನು ಇಳಿಸಿದೆ. ನನ್ನ ಅತ್ತೆ ನನ್ನ ಕೈಗೆ ಕೊಟ್ಟದ್ದು. ಎಣ್ಣೆ ಹಚ್ಚಿ ಒರೆಸಿ, ಅವಳ ಕಂಪ್ಯೂಟರಿನ ಪಕ್ಕ ಇಟ್ಟು, ದನದ ಕೊಟ್ಟಿಗೆಗೆ ಹೋದೆ.