ಜೈಲಿನ ಬಾವಿ, ಜೇಲರ ಮನೆಯ ಬಾವಿ

೧೯೩೬ರ ಏಪ್ರಿಲ್ ೧೪ರ ನನ್ನ ದಿನಚರಿ: "ಜೈಲಿನಲ್ಲಿ ಹನ್ನೊಂದು ಮಂದಿಗೆ ವಾಂತಿಭೇದಿ. ಬಾವಿಯ ಮೇಲೆ ಸಂಶಯ. ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ. ನಮ್ಮ ಹಿತ್ತಲ ಬಾವಿಯ ನೀರು ಅತ್ಯುತ್ತಮ."

ಕೊನೆಯ ವಾಕ್ಯ ಓದಿದರೆ ಈಗಲೂ ನಗು ಬರುತ್ತದೆ. ಆಗ ನಮ್ಮ ಯಜಮಾನರು ಧಾರವಾಡದ ಕಡೆಯ ಒಂದು ಜೈಲಿಗೆ ಜೇಲರು. ನಮ್ಮ ಮನೆ ಜೈಲಿನ ಗೋಡೆಗೆ ಹತ್ತಿಯೇ ಇತ್ತು. ಗೋಡೆಯಾಚೆ ನೀರಿನ ಸಲುವಾಗಿ ಏನಾದರೊಂದು ನಡೆದೇ ಇರುತ್ತಿತ್ತು. ಬಿ.ಎ. ಪಾಸಾದವಳು ನಾನು, ಒಂದನ್ನೂ ಬಿಡದೆ ಬರೆದಿಡುತ್ತಿದ್ದೆ.

ದೊಡ್ಡ ಡಾಕ್ಟರು ಬಂದು, ನೀರು ಪರೀಕ್ಷೆಯಲ್ಲಿ ಫೇಲಾದರೆ ಬಾವಿ ಮುಚ್ಚಬೇಕೆಂದರು. ಮುಚ್ಚಿದರೆ ಕೈದಿಗಳು ಬೇಡಿ ಹಾಕಿದ ಕಾಲಲ್ಲೇ ಎರಡು ಮೈಲು ದೂರದ ಕೆರೆಯಿಂದ ನೀರು ಹೊರಬೇಕು.

೧. ಕೆಂಪು ಔಷಧಿ

ಬಾವಿಗೆ ಹಾಕಲು ಡಾಕ್ಟರು ಔಷಧಿ ಕೊಟ್ಟು, "ನೀರು ತೆಳುಗೆಂಪಾಗಿ ನಿಲ್ಲಬೇಕು" ಎಂದು ಹೇಳಿಹೋದರು. ಅವರು ಮತ್ತೆ ಬರುವ ದಿನ ಬೆಳಿಗ್ಗೆ ನೋಡಿದರೆ ನೀರಿನ ಕೆಂಪೆಲ್ಲ ಮಾಯ. ಜೈಲಿನ ಹವಾಲ್ದಾರ ಗಾಬರಿಯಾಗಿ, ಹೋಳಿಹುಣ್ಣಿವೆಗೆ ತಂದು ಉಳಿದಿದ್ದ ಬಣ್ಣವನ್ನೆಲ್ಲ ಸುರಿದ. ಡಾಕ್ಟರು ಬಿಳಿಯ ಕರವಸ್ತ್ರ ಅದ್ದಿ ಎತ್ತಿದರು. ಎಷ್ಟು ಹಿಂಡಿದರೂ ಅದು ಕೆಂಪೇ.

"ಏನಿದು?"

"ಔಷಧಿ ಛಲೋ ಹತ್ತೈತ್ರಿ ಸಾಹೇಬ್ರ!"

ಮೂರು ದಿನ ಬಾವಿ ಬತ್ತಿಸಿ, ಕೆಸರೆತ್ತಿ, ಸುಣ್ಣ ಹೊಡೆಸಿದರು.

೨. ಮೊದಲ ಗುಟುಕು

ಹೊಸ ನೀರು ಬಂತು, ಹೊಸ ಔಷಧಿಯೂ ಬಿತ್ತು. ಕೈದಿಗಳು ಮಾತ್ರ ಮುಟ್ಟಲೊಲ್ಲರು. ಕಡೆಗೆ ಯಜಮಾನರೇ ಎಲ್ಲರೆದುರು ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಔಷಧಿಯ ವಾಸನೆ ಅವರಿಗೆ ಆಗದು. ಕೆನ್ನೆ ಉಬ್ಬಿಸಿಕೊಂಡು ನಿಂತೇಬಿಟ್ಟರು. ನೀರು ಸೇದುವ ಮುದುಕ ಕೈದಿ ಅವರ ಗಂಟಲನ್ನೇ ನೋಡುತ್ತ ಹೇಳಿದ:

"ಇನ್ನೂ ಇಳದಿಲ್ರಿ ಸಾಹೇಬ್ರ. ಸಾವಕಾಶ ನುಂಗ್ರಿ. ನನಗ ಇನ್ನೂ ಆರು ವರ್ಷ ಬಾಕಿ ಅದ, ಅವಸರ ಇಲ್ಲ."

೩. ಸೀಲು ಹಾಕಿದ ಬಾಟಲಿ

ಹವಾಲ್ದಾರ ನೀರು ತುಂಬಿ, ಸೀಲು ಹಾಕಿದ ಬಾಟಲಿ ಪರೀಕ್ಷೆಗೆಂದು ಪುಣೆಗೆ ಹೋಯಿತು. ಎರಡು ವಾರಕ್ಕೆ ಉತ್ತರ: "ಕುಡಿಯಲು ಯೋಗ್ಯವಲ್ಲ. ದನದ ಕೊಟ್ಟಿಗೆಯ ಹೊಲಸು ಸೇರಿದೆ."

"ಜೈಲಿನ್ಯಾಗ ದನ ಎಲ್ಲಿಂದ ಬಂತು?" ಎಂದರು ಯಜಮಾನರು. ಆಕಳು ಇದ್ದದ್ದು ನಮ್ಮ ಹಿತ್ತಲಲ್ಲಿ.

ಹವಾಲ್ದಾರ ರುಮಾಲು ತೆಗೆದು ನನ್ನ ಮುಂದೆ ನಿಂತ. "ತಪ್ಪಾತ್ರಿ ಅಕ್ಕಾರ. ನಮ್ಮ ಬಾವಿ ನೀರಂದ್ರ ಅಮೃತ ಅಂತ ನೀವ ದಿನಾ ಹೇಳ್ತಿದ್ರಿ. ಪಾಪ, ಕೈದಿಗಳ ಬಾವಿ ಉಳೀಲಿ ಅಂತ ಬಾಟಲಿ ನಿಮ್ಮ ಹಿತ್ತಲದಾಗ ತುಂಬಿದೆ."

ನಾನು ಕುಡಿಯುವ ನೀರನ್ನು ಕುದಿಸಿ ಆರಿಸುತ್ತಿದ್ದೆ. ಹೊಗಳಿಕೆ ಮಾತ್ರ ಬಾವಿಗೆ ಸಲ್ಲುತ್ತಿತ್ತು.

ಎರಡನೆಯ ಬಾಟಲಿಯನ್ನು ಯಜಮಾನರೇ ಜೈಲಿನ ಬಾವಿಯಿಂದ ತುಂಬಿದರು. ಪಾಸಾಯಿತು. ಮುಚ್ಚಿದ್ದು ನಮ್ಮ ಬಾವಿ. ಮರುದಿನ ಮುಂಜಾನೆ ಆ ಮುದುಕ ಕೈದಿ ಜೈಲಿನ ನೀರಿನ ಕೊಡ ಹೊತ್ತು ನಮ್ಮ ಬಾಗಿಲಿಗೆ ಬಂದ. ನಾನು ಕೊಡದೊಳಗೆ ಇಣುಕಿದ್ದನ್ನು ನೋಡಿದನೇನೋ. ಬೊಗಸೆಗೆ ಒಂದಿಷ್ಟು ಬಗ್ಗಿಸಿಕೊಂಡು, ಕತ್ತು ಮೇಲೆತ್ತಿ, ನನಗೆ ಕಾಣುವಂತೆ ನುಂಗಿದ.

"ಇಳೀತ್ರಿ ಅಕ್ಕಾರ. ಇನ್ನ ನೀವು ಕುಡೀರಿ."

ಆ ದಿನದ ದಿನಚರಿ: "ಒಟ್ಟು ತಗಲಿದ್ದು: ಬಾಟಲಿ ಎರಡು, ಡಾಕ್ಟರ ಕರವಸ್ತ್ರ ಒಂದು, ಬಾವಿ ಮುಚ್ಚಲು ಹಲಗೆ ನಾಲ್ಕು. ಹಲಗೆಗಳು ನಮ್ಮ ಕೊಟ್ಟಿಗೆಯವೇ."