ಬಸಿಯ ಮೇಲೆ ಬಿಟ್ಟ ಉಸಿರು

ಜೇವರ್ಗಿ ತಾಲ್ಲೂಕಿನ ಜನ ತಪ್ಪಾಗಿ ಉಸಿರಾಡುತ್ತಿದ್ದಾರೆ ಎಂಬ ಗಂಭೀರ ಸಂಗತಿಯನ್ನು ಸರ್ಕಾರದ ಗಮನಕ್ಕೆ ಮೊದಲು ತಂದವನು ಆರೋಗ್ಯ ಪ್ರೇರಣಾ ಕಚೇರಿಯ ಪ್ರಥಮ ದರ್ಜೆ ಸಹಾಯಕ ಕಲ್ಯಾಣಕುಮಾರ. ಬೇಕೆಂದು ತಂದದ್ದಲ್ಲ. ಕಚೇರಿ ಇದ್ದದ್ದು ಮೇಲಿನ ಮಹಡಿಯಲ್ಲಿ. ಅವನ ಎದೆ ಸಾಕಾಗುತ್ತಿದ್ದದ್ದು ಕೆಳಗಿನ ಮಹಡಿಗೆ ಮಾತ್ರ. ಬೆಳಿಗ್ಗೆ ಅವನು ಮೆಟ್ಟಿಲು ಹತ್ತತೊಡಗಿದರೆ ಏದುಸಿರಿನ ಸದ್ದು ಅವನಿಗಿಂತ ಮೊದಲೇ ಮೇಲೆ ಹೋಗಿ ಹಾಜರಿ ಹಾಕುತ್ತಿತ್ತು. ಅದನ್ನು ಕೇಳಿ ತೂಕಡಿಸುತ್ತಿದ್ದವರು ಎಚ್ಚರಾಗುತ್ತಿದ್ದರು, ಮೊಬೈಲು ನೋಡುತ್ತಿದ್ದವರು ಕಡತ ಎಳೆದುಕೊಳ್ಳುತ್ತಿದ್ದರು. ಇಡೀ ಕಚೇರಿಯ ಶಿಸ್ತು ತನ್ನ ಪುಪ್ಪಸದ ಮೇಲೆ ನಿಂತಿದೆಯಲ್ಲ ಎಂದು ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ದಿನ ಮೆಟ್ಟಿಲಿನ ತಿರುವಿನಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತಾಗ ಹೆಮ್ಮೆ ಇಳಿಯಿತು, ಹೆದರಿಕೆ ಹತ್ತಿತು. ಆಗ ಮಂಗಳವಾರಕ್ಕೊಮ್ಮೆ ದವಾಖಾನೆಗೆ ಎದೆರೋಗದ ಡಾಕ್ಟರು ವಿಜಯಶ್ರೀ ಬರುತ್ತಿದ್ದರು. ಅವನು ಹೋಗಿ ಅವರ ಮುಂದೆ ಕೂತ.

"ಬೀಡಿ ಸೇದ್ತೀರೇನ್ರಿ?"

"ಇಲ್ರಿ. ಚಟ ಅಂತ ಇರೋದು ಚಹಾ ಒಂದೇ ನೋಡ್ರಿ."

ಡಾಕ್ಟರು ಬೆನ್ನಿನ ಮೇಲೂ ಎದೆಯ ಮೇಲೂ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. "ಪುಪ್ಪಸ ಸೋತಾವ. ಅದರ ಭಾರ ಹೃದಯದ ಮ್ಯಾಲ ಬೀಳಾಕತ್ತದ. ಔಷಧ ಕೊಡ್ತೇನಿ, ಅದರ ಜೋಡಿ ಉಸಿರಿನ ಅಭ್ಯಾಸ ಮಾಡ್ರಿ. ಮೂಗಿನಿಂದ ಎಳೀರಿ. ತುಟಿ ಸಣ್ಣ ಮಾಡ್ರಿ. ಬಸಿಯೊಳಗ ಚಹಾ ಹಾಕಿ ಊದಿ ಆರಿಸ್ತೀರಲ್ಲ, ಹಂಗ ಬಿಡ್ರಿ. ಚಹಾ ತುಳುಕಬಾರದು, ಅಷ್ಟು ಮೆಲ್ಲಕ. ಮತ್ತ ವಾರಾ ವಾರಾ ಬಂದು ತೋರಸ್ರಿ. ಬಿಟ್ರ ಹೃದಯಕ್ಕ ಧೋಕಾ ಅದ."

"ಚಹಾ ಮನಿಯಿಂದ ತರಬೇಕೇನ್ರಿ?"

"ಚಹಾ ಇರಂಗಿಲ್ರಿ. ಅದ ಅಂತ ತಿಳ್ಕೋಬೇಕು."

ಹೊರಗಿನ ಬೆಂಚಿನ ಮೇಲೆ ಬಾಳಮ್ಮ ಕೂತಿದ್ದಳು. ವರ್ಷಗಟ್ಟಲೆ ತೊಗರಿ ರಾಶಿಯ ಧೂಳು ಕುಡಿದು ದಮ್ಮು ಹತ್ತಿಸಿಕೊಂಡ ಕೂಲಿ ಹೆಂಗಸು. ಅವಳಿಗೂ ಇದೇ ಅಭ್ಯಾಸ ಹೇಳಿದ್ದರು. ಮಂಗಳವಾರ ಬಂದರೆ ಇಬ್ಬರೂ ಅಕ್ಕಪಕ್ಕ ಕೂತು ಇಲ್ಲದ ಬಸಿಯಲ್ಲಿ ಇಲ್ಲದ ಚಹಾವನ್ನು ಊದುವರು. ಸರ್ಕಾರಿ ನೌಕರಿಯಲ್ಲಿ ಇಷ್ಟು ವರ್ಷ ಇಲ್ಲದ್ದನ್ನು ಇದೆ ಎಂದು ಬರೆದು ರೂಢಿಯಿದ್ದ ಕಲ್ಯಾಣಕುಮಾರನಿಗೆ ಇದು ಬೇಗ ಕೈಹತ್ತಿತು.

ದೀಪಾವಳಿ ಕಳೆಯುವಷ್ಟರಲ್ಲಿ ಅವನ ಮೆಟ್ಟಿಲ ಸದ್ದು ನಿಂತುಹೋಯಿತು. ಅನಾಹುತ ಆದದ್ದು ಅಲ್ಲೇ. ಒಂದು ಬೆಳಿಗ್ಗೆ ಅವನು ಸುಮ್ಮನೆ ಮೇಲೆ ಬಂದಾಗ ಕಚೇರಿಯ ಮುಖ್ಯಸ್ಥರಾದ ಪರಮೇಶ ಸಾಹೇಬರು ಮೇಜಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಕಣ್ಣು ಬಿಟ್ಟವರೇ ಕೆಂಡವಾದರು.

"ಸಪ್ಪಳಿಲ್ದ ಹೆಂಗ ಬಂದ್ರಿ? ಕಚೇರಿಗೆ ಒಂದ ಪದ್ಧತಿ ಇಲ್ಲೇನು?"

ಕಲ್ಯಾಣಕುಮಾರ ಇದ್ದದ್ದು ಇದ್ದಂತೆ ಹೇಳಿದ. ಸಾಹೇಬರ ಸಿಟ್ಟು ಮೆಲ್ಲಗೆ ಇಳಿದು ಕಣ್ಣಿನಲ್ಲಿ ಬೆಳಕು ಬಂತು. ಮಾರ್ಚ್ ಒಳಗೆ ವರ್ಷದ ಖರ್ಚು ತೋರಿಸಬೇಕಿತ್ತು. ಜನರ ಆರೋಗ್ಯಕ್ಕೆಂದು ಬಂದ ಅನುದಾನ ಯಾರ ಆರೋಗ್ಯಕ್ಕೂ ತಗುಲದೆ ಹಾಗೇ ಕೂತಿತ್ತು. ಸಂಜೆಯೊಳಗೆ ಉಸಿರು ಅಭಿಯಾನದ ಸುತ್ತೋಲೆ ಬರೆಯಲು ಅವನಿಗೇ ಆದೇಶವಾಯಿತು.

ಸುತ್ತೋಲೆ ಬರೆಯುವುದರಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. "ಬಸಿಯಲ್ಲಿನ ಚಹಾವನ್ನು ಆರಿಸುವ ರೀತಿಯಲ್ಲಿ ಉಸಿರನ್ನು ನಿಧಾನವಾಗಿ ಹೊರಬಿಡತಕ್ಕದ್ದು" ಎಂದು ಬರೆದು ತಾನೇ ಓದಿ ತಾನೇ ತಲೆದೂಗಿದ. ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟರು.

"ಚಹಾ ಅಂತ ಬರದೀರಿ. ಚಹಾ ಎಲ್ಲದ? ಆಡಿಟ್‌ನವರು ಕೇಳಿದ್ರ ಏನು ತೋರಸೋಣ?"

"ಅದ ಅಂತ ತಿಳ್ಕೋಬೇಕ್ರಿ."

"ಆಡಿಟ್‌ನವರು ತಿಳ್ಕೊಳ್ಳೋ ಮಂದಿ ಅಲ್ರಿ."

ಚಹಾ ಎಂಬ ಒಂದು ಶಬ್ದ ಹೊಡೆದು ಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನ ಪೆನ್ನು ಆ ಶಬ್ದದ ತನಕ ಹೋಗಿತ್ತು ಕೂಡ. ಆದರೆ ಸಾಲು ಓದಲು ಬಲು ಚೆಂದವಿತ್ತು. ಸಾಹಿತ್ಯದ ಹುಚ್ಚು ಮನುಷ್ಯನಿಂದ ಏನೇನು ಮಾಡಿಸುತ್ತದೆ ನೋಡಿ. ಅವನು ಶಬ್ದವನ್ನು ಉಳಿಸಿಕೊಂಡು ಚಹಾ ತರಿಸಿದ.

ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿ ನಡೆಸುವ ಖುರ್ಷಿದಬೇಗಂ ಅಭಿಯಾನದ ಅಧಿಕೃತ ಸರಬರಾಜುದಾರರಾದರು. ನಿಯಮಗಳು ಒಂದೊಂದಾಗಿ ಹುಟ್ಟಿದವು. ಹೊರಬಿಡುವ ಉಸಿರು ಚಹಾದ ಮೇಲೆಯೇ ಬೀಳತಕ್ಕದ್ದು. ಆರಿದ ಚಹಾವನ್ನು ಚೆಲ್ಲುವುದು ಸರ್ಕಾರಿ ಸೊತ್ತಿನ ನಷ್ಟವಾದ್ದರಿಂದ ಅಭ್ಯಾಸಿಯೇ ಕುಡಿಯತಕ್ಕದ್ದು. ಚಹಾ ಕುಡಿಯದವರನ್ನು, ಹಾಲಿನ ವ್ಯವಸ್ಥೆ ಆಗುವ ತನಕ, ಉಸಿರಾಡದವರೆಂದು ಪರಿಗಣಿಸತಕ್ಕದ್ದು. ಬಿಸಿಲಿನ ಕಾರಣ ಚಹಾ ಆರದೇ ಉಳಿದಲ್ಲಿ ಅದನ್ನು ಅಭ್ಯಾಸಿಯ ಪುಪ್ಪಸದ ದೋಷವೆಂದು ಭಾವಿಸತಕ್ಕದ್ದಲ್ಲ.

ಜನ ಉತ್ಸಾಹದಿಂದ ಬಂದರು. "ಇದನ್ನ ನಾವು ಹುಟ್ಟಿದಾಗಿಂದ ಮಾಡ್ಕೋತ ಬಂದೇವಲ್ರಿ" ಎಂದು ರೈತರೊಬ್ಬರು ಅಂದಾಗ ಕಲ್ಯಾಣಕುಮಾರ ತಾಳ್ಮೆಯಿಂದ ವಿವರಿಸಿದ: "ಇಷ್ಟು ದಿನ ನೀವು ಕುಡಿತಿದ್ರಿ. ಈಗ ವ್ಯಾಯಾಮ ಮಾಡಾಕತ್ತೀರಿ." ರೈತರು ಒಪ್ಪಿ ಇನ್ನೊಂದು ಬಸಿ ವ್ಯಾಯಾಮ ಕೇಳಿದರು. ಚಹಾದಿಂದ ಎದೆ ಡವಡವ ಹೊಡೆದುಕೊಂಡವರ ಬಗ್ಗೆ "ಹೃದಯ ಚುರುಕಾಗಿದೆ" ಎಂಬ ವರದಿ ಹೋಯಿತು. ಬಾಳಮ್ಮ ಒಬ್ಬಳು ಮಾತ್ರ ಬಸಿ ಮುಟ್ಟಲಿಲ್ಲ.

"ಯಪ್ಪಾ, ಡಾಕ್ಟರಮ್ಮ ನನ್ನ ಎದೀ ಸಪ್ಪಳ ಕೇಳ್ತಾಳ. ನಿನ್ನ ಚಹಾ ಕೇಳ್ತದೇನು?"

ಕಲ್ಯಾಣಕುಮಾರ ಸುತ್ತೋಲೆಯ ಪುಟ ತಿರುವಿ ನೋಡಿ ಮಡಚಿಟ್ಟ. ಅವನು ಮುಂದಿನ ಊರಿಗೆ ಹೋದ.

ಊರೂರಿಗೆ ಹೋಗಿ ಮಾದರಿ ಪ್ರದರ್ಶನ ಕೊಡುವ ಕೆಲಸ ಅವನದೇ. ಬೆಳಿಗ್ಗೆಯಿಂದ ಸಂಜೆ ತನಕ ಊದಿ ಊದಿ ಕುಡಿದ. ಹೊಟ್ಟೆ ಮುಂದೆ ಬಂತು, ನಿದ್ದೆ ಹಿಂದೆ ಹೋಯಿತು. ಉಸಿರಾಟದ ಅಭಿಯಾನದಲ್ಲಿ ಅವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮಂಗಳವಾರಗಳು ತಪ್ಪಿದವು, ಗುಳಿಗೆ ತಪ್ಪಿತು. ಮೆಟ್ಟಿಲಿನಲ್ಲಿ ಹಳೆಯ ಸದ್ದು ಮರಳಿತು. ಕಚೇರಿಯವರು ನೆಮ್ಮದಿಯಿಂದ ತೂಕಡಿಸತೊಡಗಿದರು.

ಆರಿದ ಬಸಿಗಳ ಆಧಾರದ ಮೇಲೆ ಜೇವರ್ಗಿಯನ್ನು ಉಬ್ಬಸಮುಕ್ತ ತಾಲ್ಲೂಕೆಂದು ಘೋಷಿಸಲಾಯಿತು. ಉಬ್ಬಸವೇ ಇಲ್ಲದ ಮೇಲೆ ಎದೆಯ ಡಾಕ್ಟರು ಯಾಕೆ? ವಿಜಯಶ್ರೀಯವರ ಮಂಗಳವಾರವನ್ನು ಅಫಜಲಪುರಕ್ಕೆ ವರ್ಗಾಯಿಸಲಾಯಿತು. ಆ ಆದೇಶದ ಕನ್ನಡ ತಪ್ಪಿಲ್ಲದೆ ಇತ್ತು. ಕಲ್ಯಾಣಕುಮಾರ ಅದನ್ನು ಮೆಚ್ಚಿ ಓದಿದ. ಓದಿ ಮುಗಿದ ಮೇಲೆ "ಬಿಟ್ರ ಹೃದಯಕ್ಕ ಧೋಕಾ ಅದ" ಎಂಬ ಡಾಕ್ಟರ ಮಾತು ನೆನಪಾಯಿತು. ಆ ಕ್ಷಣ ಅವನಿಗೆ ತನ್ನ ಮೇಲೆ ಖರೇ ನಾಚಿಕೆಯಾಯಿತು.

ಆದರೆ ಸತ್ಕಾರ ಸಮಾರಂಭ ನಿಗದಿಯಾಗಿಬಿಟ್ಟಿತ್ತು. ತಾಲ್ಲೂಕಿನ ಶ್ರೇಷ್ಠ ಉಸಿರಾಟಗಾರ ಎಂದು ಹೆಸರು ಕೂಗಿದಾಗ ಅವನು ಎದ್ದು ವೇದಿಕೆಯ ಮೆಟ್ಟಿಲು ಹತ್ತಿದ. ಹತ್ತಿ ಮೈಕಿನ ಮುಂದೆ ನಿಂತವನಿಗೆ ಉಸಿರು ಸಿಗಲಿಲ್ಲ. ಬಾಯಿ ಬಿಟ್ಟು, ಹೆಗಲು ಎತ್ತಿ, ಹಾ, ಹಾ ಎಂದು ಎಳೆಯತೊಡಗಿದ. ಮೈಕು ಒಳ್ಳೆಯದಿತ್ತು. ಹಿಂದಿನ ಸಾಲಿನವರಿಗೂ ಕೇಳಿಸಿತು. ಪರಮೇಶ ಸಾಹೇಬರು ಸಮಯಪ್ರಜ್ಞೆಗೆ ಹೆಸರಾದವರು.

"ಅಭ್ಯಾಸದ ಎರಡನೆಯ ಹಂತವನ್ನು ಈಗ ಪ್ರದರ್ಶಿಸಲಾಗುತ್ತಿದೆ. ತಾವೆಲ್ಲರೂ ಅನುಸರಿಸಬೇಕಾಗಿ ವಿನಂತಿ."

ಇಡೀ ಶಾಮಿಯಾನಾ ಹಾ, ಹಾ ಎಂದು ಏದುಸಿರು ಬಿಡತೊಡಗಿತು. ಮುಂದಿನ ಸಾಲಿನ ಗಣ್ಯರು ನಾಲಿಗೆಯನ್ನೂ ಹೊರಹಾಕಿದರು. ಬಾಳಮ್ಮ ಎದ್ದು ಜನರನ್ನು ಸರಿಸುತ್ತ ವೇದಿಕೆಗೆ ಬಂದಳು. ಅವನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ತುಟಿ ಸಣ್ಣ ಮಾಡೋ ಯಪ್ಪಾ. ಮೆಲ್ಲಕ. ಅಂಜಬ್ಯಾಡ, ನನ್ನ ಜೋಡಿ ಬಿಡು."

ಅವಳು ಊದಿದಳು, ಅವನೂ ಊದಿದ. ಎದುರಿಗೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಾಣ ಇದ್ದ ಜಾಗಕ್ಕೆ ಬಂತು. ಅವನ ಕಣ್ಣು ತುಂಬಿದವು. ಸಾಹೇಬರು ಬಗ್ಗಿ ಕಿವಿಯಲ್ಲಿ ಹೇಳಿದರು: "ಚಹಾ ಇಲ್ದ ಊದೀರಿ. ಸತ್ಕಾರದ ದಿನ ಅಂತ ಈ ಸಲ ಬಿಡ್ತೇನಿ." ಅವನು ಅಲ್ಲೇ ಕ್ಷಮೆ ಕೇಳಿದ.

ಎರಡನೆಯ ಹಂತವನ್ನು ಸುತ್ತೋಲೆಗೆ ಸೇರಿಸಲಾಯಿತು. ಅತ್ತ, ವಿಜಯಶ್ರೀಯವರು ಹೋದಂದಿನಿಂದ ಅಫಜಲಪುರದಲ್ಲಿ ಉಬ್ಬಸದ ರೋಗಿಗಳು ಒಮ್ಮೆಲೇ ಹೆಚ್ಚಿದ್ದು ಮೇಲಿನವರ ಗಮನಕ್ಕೆ ಬಂತು. ಅವರಲ್ಲಿ ಅರ್ಧ ಜನ ಜೇವರ್ಗಿಯಿಂದ ಬಸ್ಸು ಹಿಡಿದು ಬಂದವರೆಂಬುದು ಅಪ್ರಸ್ತುತ. ಅಲ್ಲಿಯೂ ಅಭಿಯಾನ ನಡೆಸಲು ಅನುಭವಿಯಾದ ಕಲ್ಯಾಣಕುಮಾರನನ್ನೇ ನಿಯೋಜಿಸಲಾಯಿತು.

ಮಂಗಳವಾರ ಅವನು ಬಾಳಮ್ಮನ ಜೊತೆ ಅಫಜಲಪುರದ ಬಸ್ಸು ಹತ್ತಿದ. ಅವಳು ಚಿಕಿತ್ಸೆಗೆ ಹೊರಟಿದ್ದಳು. ಅವನು ಚಿಕಿತ್ಸೆಗೂ ಹೌದು, ಚಿಕಿತ್ಸೆ ನಿಲ್ಲಿಸಲಿಕ್ಕೂ ಹೌದು. ಡಾಕ್ಟರು ಇಬ್ಬರ ಎದೆಯನ್ನೂ ಕೇಳಿ, ಅವನ ಕೈಯಲ್ಲಿದ್ದ ಸುತ್ತೋಲೆಯನ್ನೂ ಓದಿದರು.

"ಈ ಚಹಾ ಅನ್ನೋ ಶಬ್ದ ಒಂದು ತೆಗೀರಲ್ಲ."

ಪೆನ್ನು ಅವನ ಕಿಸೆಯಲ್ಲೇ ಇತ್ತು. ಅವನು ಅದನ್ನು ತೆಗೆದ, ನೋಡಿದ, ತಿರುಗಿ ಇಟ್ಟುಕೊಂಡ. "ಇಲ್ಲಿ ತೆಗದ್ರ ಅಲ್ಲಿ ಕುಡಿದದ್ದು ತಪ್ಪಾಗ್ತದ್ರಿ ಮೇಡಂ."

ಡಾಕ್ಟರು ಜಗಳಾಡಲಿಲ್ಲ. ಅವರೂ ಸರ್ಕಾರಿ ನೌಕರರೇ. ಔಷಧದ ಚೀಟಿ ಬರೆಯುತ್ತ ಕೇಳಿದರು: "ಇಲ್ಲಿ ಉಬ್ಬಸ ಯಾವಾಗ ಮುಗಸ್ತೀರಿ?"

"ಯುಗಾದಿಯೊಳಗ ಮುಗೀತದ್ರಿ."

"ಹಂಗಾದ್ರ ಮುಂದ ನನ್ನ ಆಳಂದಕ್ಕ ಹಾಕ್ತಾರ."

ಕಲ್ಯಾಣಕುಮಾರ ಆಗಲಿ ಎಂಬಂತೆ ತಲೆ ಆಡಿಸಿದ. ಬಾಳಮ್ಮ ಸೆರಗಿನಲ್ಲಿ ಗುಳಿಗೆ ಗಂಟು ಹಾಕಿಕೊಂಡು ಎದ್ದಳು.

"ಆಳಂದದ ಬಸ್ಸು ಎಷ್ಟೊತ್ತಿಗದ, ಈಗೇ ಕೇಳಿಟ್ಕೋ ಯಪ್ಪಾ. ಆಮ್ಯಾಲ ಓಡಾಕ ಇಬ್ಬರಿಗೂ ಆಗಂಗಿಲ್ಲ."