ದನಿ ಬಾರದ ಜೋಗುಳ

ಯಾವುದನ್ನೂ ಬಿಸಾಡದೆ ಜೋಪಾನವಾಗಿ ಇಡುವುದು ನನ್ನ ಸ್ವಭಾವ. ಟಿ.ವಿ. ಕೊಂಡಾಗ ಬಂದ ಥರ್ಮೋಕೋಲು, ಕೆಟ್ಟುಹೋದ ಗಡಿಯಾರದ ಪೆಟ್ಟಿಗೆ, ಯಾವ ಬೀಗಕ್ಕೂ ಸೇರದ ಕೀಲಿಕೈಗಳು, ಎಲ್ಲವೂ ನಮ್ಮ ಮನೆಯ ಅಟ್ಟದ ಮೇಲೆ ಸುಖವಾಗಿವೆ. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ಕಾಯುವುದೇ ಒಂದು ಚಟವಾಗಿಬಿಡುತ್ತದೆ. ಆದರೆ ಇತ್ತೀಚೆಗೆ ನನಗೊಂದು ಹೊಸ ಸತ್ಯ ಹೊಳೆದಿದೆ. ವಸ್ತುವೊಂದು ಮನೆಯಲ್ಲಿ ಇರುವುದು ಬೇರೆ, ಅದು ಬೇಕಾದಾಗ ಒದಗುವುದು ಬೇರೆ. ಹಿಂದಿನವರು ಕಪಾಟಿನ ಕೀಲಿ ಕಳೆದರೆ ಬಡಗಿಯನ್ನು ಕರೆಸಿ ಬಾಗಿಲು ಒಡೆಸುತ್ತಿದ್ದರು. ಕಂಪ್ಯೂಟರಿನೊಳಗೆ ಜೋಪಾನವಾಗಿರುವ ಫೈಲು 'ನಾನು ತೆರೆಯುವುದಿಲ್ಲ' ಎಂದು ಕುಳಿತರೆ ಯಾವ ಬಡಗಿಯನ್ನು ಕರೆಯೋಣ?

ನಮ್ಮದು ವಿಜಯಪುರ ಜಿಲ್ಲೆ. ವರ್ಗವಾಗಿ ನಾಸಿಕಕ್ಕೆ ಬಂದವರು, ಮಗಳ ಶಾಲೆ ಮುಗಿಯಲಿ, ಕಾಲೇಜು ಮುಗಿಯಲಿ ಎನ್ನುತ್ತ ಇಲ್ಲಿಯೇ ಬೇರು ಬಿಟ್ಟೆವು. ಮಗಳು ಪಲ್ಲವಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ನಾನು ಮತ್ತು ನನ್ನ ಹೆಂಡತಿ ಶಾರದಾ ಅವಳಿಗೆ ತಿಳಿಯಬಾರದೆಂದು ಆಡಿದ ಕನ್ನಡವಂತೂ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆದರೆ ಬಾಯಿ ತೆರೆದರೆ ಅರ್ಧ ಮರಾಠಿ, ಕಾಲು ಹಿಂದಿ, ಉಳಿದದ್ದು ನಮ್ಮ ಸಂತೋಷಕ್ಕೆ ಕನ್ನಡ. ಅವಳನ್ನು ಛತ್ರಪತಿ ಸಂಭಾಜಿನಗರದ ಮರಾಠಿ ಮನೆಗೆ ಕೊಟ್ಟಿದ್ದೇವೆ. ಅಳಿಯ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು, ಮನೆಯೂ ಅಲ್ಲಿಯೇ, ವಿಮಾನಗಳು ತಲೆಯ ಮೇಲೆಯೇ ಇಳಿಯುವಷ್ಟು ಹತ್ತಿರ. ಈಚೆಗೆ ಪಲ್ಲವಿಗೆ ಹೆಣ್ಣುಮಗುವಾಯಿತು. ಬಾಣಂತನಕ್ಕೆಂದು ಶಾರದಾ ಅಲ್ಲಿಗೆ ಹೋದಳು. ನಾನು ನಾಸಿಕದಲ್ಲಿ ಒಬ್ಬನೇ ಉಪ್ಪಿಟ್ಟು ತಿಂದುಕೊಂಡು ಹಾಯಾಗಿದ್ದೆ.

ಆಗ ಮಗಳ ಫೋನು ಬಂತು. ಮಗುವಿನ ಬಾರಸೆ, ಅಂದರೆ ನಮ್ಮ ನಾಮಕರಣ, ನಿಶ್ಚಯವಾಗಿತ್ತು. ತೊಟ್ಟಿಲಿಗೆ ಹಾಕುವಾಗ ಮರಾಠಿ ಹೆಂಗಸರು ಪಾಳಣಾ ಎಂಬ ಜೋಗುಳ ಹಾಡುತ್ತಾರೆ. ನಮ್ಮ ಬೀಗತಿ ದೊಡ್ಡ ಮನಸ್ಸಿನ ಹೆಣ್ಣುಮಗಳು, 'ನಿಮ್ಮ ಕಡೆಯದೂ ಒಂದು ಆಗಲಿ' ಎಂದುಬಿಟ್ಟಿದ್ದರು. ಪಲ್ಲವಿ ಗಾಬರಿಯಾಗಿದ್ದಳು. "ಅಪ್ಪಾ, ನನ್ನದು ಮೋಡಕಾ ತೋಡಕಾ, ಹರಕು ಮುರಕು ಕನ್ನಡ. ನಾ ತಪ್ಪು ಹಾಡಿದ್ರ ಪೋರಗಿಗೂ ತಪ್ಪೇ ಹೋಗತೈತಿ. ಅಜ್ಜಿ ಹಾಡಿದ್ದು ವಿಡಿಯೋ ನಿಮ್ಮ ಕಡೆ ಐತಲ್ಲ, ಅದನ್ನ ತಗೊಂಡು ಬರ್ರಿ. ಅದನ್ನ ಕೇಳಿ ಕೇಳಿ ಕಲೀತೇನಿ. ನಂತರ ದಿನಾ ನಾನೇ ಹಾಡತೇನಿ" ಎಂದಳು. ಕಲಿಯದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಕಲಿಯದಿದ್ದರೆ ಆ ಕೂಸಿನ ಕಿವಿಗೆ ಕನ್ನಡ ಬೀಳುವುದು ನಾವು ವರ್ಷಕ್ಕೆರಡು ಸಲ ಹೋದಾಗ ಮಾತ್ರ. ಈ ಯೋಚನೆ ಬಂದು ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು ಕಂಪ್ಯೂಟರಿನ ಮುಂದೆ ಕುಳಿತೆ.

ಅಜ್ಜಿ ಎಂದರೆ ನನ್ನ ಅತ್ತೆ, ಶಾರದಾಳ ತಾಯಿ. ಅವರು ತೀರಿಕೊಂಡು ಬಹಳ ಕಾಲವಾಯಿತು. ಬದುಕಿದ್ದಾಗ ಒಮ್ಮೆ ನಾಸಿಕಕ್ಕೆ ಬಂದಿದ್ದರು. ಆ ಹೊತ್ತಿಗೆ ಸರಿಯಾಗಿ ನಾನೊಂದು ಕ್ಯಾಮ್‌ಕಾರ್ಡರ್ ಕೊಂಡಿದ್ದೆ. ಕೈಗೆ ಪಟ್ಟಿ ಸುತ್ತಿಕೊಂಡು ಹಿಡಿಯುವ ಆ ಯಂತ್ರ ಬಂದ ಮೇಲೆ ನಾನು ನಡೆಯುವ ಗತ್ತೇ ಬದಲಾಯಿತು ಎಂದು ಶಾರದಾ ಈಗಲೂ ಹೇಳುತ್ತಾಳೆ. ಅತ್ತೆಯನ್ನು ವೇರೂಳಕ್ಕೆ ಕರೆದುಕೊಂಡು ಹೋಗಿ ಗುಹೆಗಳನ್ನು ಚಿತ್ರೀಕರಿಸಿದೆ. ಕಂಬ, ಮತ್ತೆ ಕಂಬ, ಕಂಬದ ಹಿಂದಿನಿಂದ ಇನ್ನೊಂದು ಕಂಬ. ಬಿಸಿಲಿಗೆ ಸೆರಗು ಹೊದ್ದುಕೊಂಡ ಅತ್ತೆಯ ಬೆನ್ನು ಒಂದೆರಡು ಕಡೆ ಸಿಗುತ್ತದೆ. ಅದೇ ವಾರ ಮೇಲಿನ ಮಹಡಿಯ ಮರಾಠಿ ದಂಪತಿಯ ಕೂಸಿನ ಬಾರಸೆ ಇತ್ತು. ಅಲ್ಲಿ ಅತ್ತೆ ಕನ್ನಡ ಜೋಗುಳ ಹಾಡಿದರು. ಕ್ಯಾಮೆರಾವನ್ನು ತೊಟ್ಟಿಲ ಪಕ್ಕದ ಮೇಜಿನ ಮೇಲೆ ಚಾಲೂ ಮಾಡಿಟ್ಟು ನಾನು ಊಟಕ್ಕೆ ಹೋಗಿದ್ದೆ. ಶಾರದಾ ಅಡುಗೆಮನೆಯಲ್ಲಿ ಪೂರಿ ಲಟ್ಟಿಸುತ್ತಿದ್ದಳು. ನಮ್ಮ ಕುಟುಂಬದಲ್ಲಿ ಆ ಹಾಡನ್ನು ಪೂರ್ತಿ ಕೇಳಿದ್ದು ಕ್ಯಾಮೆರಾ ಮಾತ್ರ. ಆ ಕ್ಯಾಮೆರಾ ಮುಂದೆ ಕೆಟ್ಟಿತು. ಫೈಲುಗಳನ್ನು ಮಾತ್ರ ನಾನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಮನೆದೇವರನ್ನು ಸಾಗಿಸಿದಷ್ಟು ಭಕ್ತಿಯಿಂದ, ಸಾಗಿಸುತ್ತ ಬಂದಿದ್ದೆ.

ಬಾರಸೆಯ ಫೈಲು ಬಹಳ ಉದ್ದ. ಅದರಲ್ಲಿ ಜೋಗುಳದ ತುಂಡನ್ನಷ್ಟೇ ಕತ್ತರಿಸಿ ತೆಗೆಯಬೇಕು. ಅದಕ್ಕೆಂದು 'ಮನೆಯವರೇ ಸುಲಭವಾಗಿ ಬಳಸಬಹುದು' ಎಂಬ ಹೆಸರಿದ್ದ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಫೈಲನ್ನು ಅದರ ಮುಂದೆ ಇಟ್ಟರೆ ಅದು ಮೂಸಿಯೂ ನೋಡಲಿಲ್ಲ. ಈ ಬಗೆಯ ಫೈಲು ತನಗೆ ಒಗ್ಗುವುದಿಲ್ಲ ಎಂದಿತು. ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಚುಕ್ಕೆಯ ಮುಂದೆ ಮೂರು ಅಕ್ಷರದ ಬಾಲ ಇರುತ್ತದೆಯಲ್ಲ, ಆ ಬಾಲವೇ ತಕರಾರಿಗೆ ಕಾರಣ ಎಂದು ಎಲ್ಲೋ ಓದಿದೆ. ಬಾಲವನ್ನು ಅಳಿಸಿ ಸಾಫ್ಟ್‌ವೇರಿಗೆ ಇಷ್ಟವಾದ ಬಾಲವನ್ನು ಟೈಪು ಮಾಡಿ, ಕೆಲಸ ಇಷ್ಟು ಸುಲಭವೇ ಎಂದು ಚಹಾ ಕುಡಿದು ಬಂದೆ. ಸಾಫ್ಟ್‌ವೇರ್ ಮೊದಲಿನಷ್ಟೇ ನಿಷ್ಠುರವಾಗಿತ್ತು. ಬೇರೆ ಪ್ಲೇಯರಿನಲ್ಲಿ ಹಾಕಿ ನೋಡಿದ್ದರೆ ಹಾಡು ಆಗಲೇ ಕೇಳುತ್ತಿತ್ತಲ್ಲ ಎಂದು ಬಲ್ಲವರು ಈಗ ಹೇಳುತ್ತಾರೆ. ಬಲ್ಲವರು ಯಾವಾಗಲೂ ಆಮೇಲೆಯೇ ಸಿಗುವುದು.

ಕೊನೆಗೆ, ಒಂದು ಬಗೆಯ ಫೈಲನ್ನು ಇನ್ನೊಂದು ಬಗೆಗೆ ಮಾರ್ಪಡಿಸುವ ಕನ್ವರ್ಟರ್ ಎಂಬ ಪ್ರೋಗ್ರಾಮನ್ನು ಇಳಿಸಿಕೊಂಡೆ. ಅದು ಆಧಾರ್ ಕಚೇರಿಯವರಂತೆ ಪ್ರಶ್ನೆ ಕೇಳಲು ಶುರು ಮಾಡಿತು. ಚಿತ್ರವನ್ನು ಯಾವ ರೂಪಕ್ಕೆ ತರಲಿ? ಗೆರೆಗಳನ್ನು ಸರಿಪಡಿಸಲೇ? ದನಿಯನ್ನು ಏನು ಮಾಡಲಿ, ಮಾರ್ಪಡಿಸಲೇ ಅಥವಾ ಇದ್ದಂತೆಯೇ ಇಡಲೇ? ಚಿತ್ರವನ್ನು ಬೇಕಾದ್ದು ಮಾಡಿಕೋ ಎಂದೆ. ಆದರೆ ದನಿಯ ಮಾತು ಬಂದಾಗ ಕೈ ತಡೆಯಿತು. ತೀರಿಹೋದ ಹಿರಿಯರ ದನಿ. ಅದನ್ನು ಮಾರ್ಪಡಿಸು ಎನ್ನಲು ನಾನು ಯಾರು? ಬಹಳ ಗೌರವದಿಂದ 'ಇದ್ದಂತೆಯೇ ಇಡು' ಎಂಬುದನ್ನು ಒತ್ತಿದೆ. ಕಂಪ್ಯೂಟರು ಬಿಸಿಯಾಗಿ ಬುಸುಗುಡುತ್ತ ಮಧ್ಯಾಹ್ನವಿಡೀ ದುಡಿಯಿತು. ಸಾಫ್ಟ್‌ವೇರ್ ಈ ಸಲ ಫೈಲನ್ನು ಮನೆಯೊಳಗೆ ಕರೆದುಕೊಂಡಿತು. ಅತ್ತೆ ಕಂಡರು. ಪೈಠಣಿ ಸೀರೆಗಳ ನಡುವೆ ಅವರೊಬ್ಬರದೇ ಇಳಕಲ್ ಸೀರೆ. ತೊಟ್ಟಿಲ ಹಗ್ಗ ಹಿಡಿದ ಕೈ ಆಡಿದಾಗಲೆಲ್ಲ ಅಂಚಿನ ಮೇಲೆ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತಿದ್ದವು. ತುಟಿ ಆಡುತ್ತಿತ್ತು. ದನಿ ಮಾತ್ರ ಇಲ್ಲ. ಸ್ಪೀಕರು ತಿರುವಿದೆ, ವೈರು ಕಿತ್ತು ಹಾಕಿದೆ, ನನ್ನ ಕಿವಿಯನ್ನೂ ತಿಕ್ಕಿಕೊಂಡೆ. ಬದುಕಿದ್ದಾಗ ಅತ್ತೆ ನನ್ನೆದುರು ಇಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ.

ದಿನ ಬಂದೇ ಬಂತು. ಮೂಕ ಅತ್ತೆಯನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಯೇವಲಾದಲ್ಲಿ ಸೀರೆಗಂಟಿನ ಹೆಂಗಸರು ಹತ್ತಿದರು. ತೊಡೆಯ ಮೇಲಿನದನ್ನು ಕೆಳಗಿಡಿ, ಗಂಟಿಗೆ ಜಾಗವಾಗುತ್ತದೆ ಎಂದರು. ಮಗಳಿಗೆ ಏನು ಹೇಳಲಿ ಎಂಬ ಚಿಂತೆಯಲ್ಲಿ ನಾನು ಅದನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು ಕುಳಿತೆ.

ಬಾರಸೆ ಚೆನ್ನಾಗಿ ನಡೆಯಿತು. ಮಗುವಿನ ಸೋದರತ್ತೆ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಿದಾಗ ಉಳಿದ ಹೆಂಗಸರು ನಮ್ಮೂರಿನಂತೆಯೇ ಅವಳ ಬೆನ್ನಿಗೆ ಗುದ್ದಿದರು. ಗುದ್ದುವುದಕ್ಕೆ ಭಾಷೆಯ ತೊಡಕಿಲ್ಲ. ಪಾಳಣಾ ಮುಗಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಅಳಿಯ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿದ. ಪರದೆಯ ತುಂಬ ಅತ್ತೆ, ತುಟಿ ಆಡುತ್ತಿದೆ, ಮನೆ ನಿಶ್ಶಬ್ದ. ಅಳಿಯ ರಿಮೋಟು ಒತ್ತಿ ಒತ್ತಿ ಸೋತ. ಪಲ್ಲವಿಯ ಮುಖ ಸಣ್ಣದಾಯಿತು. ನಾನು ನೆಲ ನೋಡುತ್ತಿದ್ದೆ. ಆಗ ಹಿಂದಿನಿಂದ ಯಾರೋ ಸಣ್ಣಗೆ ಹಾಡಿದರು. "ಜೋ ಜೋ ನನ ಚಿನ್ನ, ಜೋಕಾಲಿ ತೂಗೇನ." ನೋಡಿದರೆ ಶಾರದಾ. ತಾಯಿಯ ತುಟಿಯ ಮೇಲೆ ಕಣ್ಣಿಟ್ಟು, ಆ ತುಟಿ ಆಡಿದಂತೆ ಹಾಡುತ್ತಿದ್ದಳು. ನಡುವೆ ಒಮ್ಮೆ ತಡೆದಳು. ಮತ್ತೆ ಬೆಳ್ಳಿ ಬಟ್ಟಲು, ಬಟ್ಟಲಿನಲ್ಲಿ ಬೆಣ್ಣೆ ಎಂದು ಏನೋ ಮುಂದುವರಿದು ಮುಗಿಸಿದಳು. ಮದುವೆಯಾದ ಮೇಲೆ ಅವಳು ಹಾಡಿದ್ದನ್ನು ನಾನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು, ಕೆಮ್ಮಿದೆ. ಬೀಗತಿ ಕಣ್ಣೊರೆಸಿಕೊಂಡು ಬಂದು, ತಾಯಿಯ ದನಿ ತೆಗೆದು ಮಗಳಿಂದ ಹಾಡಿಸುವ ಕಲ್ಪನೆ ಬಹಳ ಚೆನ್ನಾಗಿತ್ತು ಎಂದು ಮರಾಠಿಯಲ್ಲಿ ನನ್ನನ್ನು ಹೊಗಳಿದರು. ನಾನು ಕೈ ಮುಗಿದೆ. ಅಷ್ಟು ಜನರ ಮುಂದೆ ಬೀಗತಿಯ ಮಾತನ್ನು ಸುಳ್ಳು ಮಾಡುವುದು ಮರ್ಯಾದೆಯಲ್ಲ.

ಪಲ್ಲವಿಗೆ ಮಾತ್ರ ಸಮಾಧಾನವಾಗಲಿಲ್ಲ. ಅಮ್ಮ ನಡುವೆ ತಡೆದದ್ದನ್ನು ಅವಳು ಗಮನಿಸಿದ್ದಳು. ಅಜ್ಜಿಯ ದನಿ ಬರಲಿ, ಬರೋಬರ್ ಇದ್ದದ್ದನ್ನೇ ಕಲಿಯುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ ಎಂದಳು. ಬಾಣಂತನ ಮುಗಿಸಿ ಶಾರದಾ ನಾಸಿಕಕ್ಕೆ ಮರಳಿದಾಗಲೂ ಆ ಕೂಸು ಮೊಬೈಲಿನ ಹಾಡು ಕೇಳಿಯೇ ಮಲಗುತ್ತಿತ್ತು. ನನಗೆ ಸಾಫ್ಟ್‌ವೇರಿನ ಮೇಲಿದ್ದ ಸಿಟ್ಟು ನನ್ನ ಮೇಲೆಯೇ ತಿರುಗಿತು. ಒಂದು ಬೆಳಿಗ್ಗೆ ಕನ್ವರ್ಟರಿನ ಸಹಾಯ ಪುಟವನ್ನು, ಸಾಲದ ಅರ್ಜಿ ಓದುವಷ್ಟು ಸಂಶಯದಿಂದ, ಮೊದಲಿನಿಂದ ಓದಿದೆ. ಕ್ಯಾಮೆರಾದ ದನಿ ಹಳೆಯ ಬಗೆಯದು, ನನ್ನ ಸಾಫ್ಟ್‌ವೇರಿಗೆ ಅದು ಅರ್ಥವಾಗುವುದಿಲ್ಲ. ಚಿತ್ರದಂತೆ ದನಿಯನ್ನೂ ಮಾರ್ಪಡಿಸಿದರೆ ಮಾತ್ರ ಕೇಳುತ್ತದೆ. ಅಂದರೆ ಇದ್ದಂತೆಯೇ ಇಡು ಎಂದು ನಾನು ತೋರಿಸಿದ ಗೌರವವೇ ಅತ್ತೆಯ ಬಾಯಿ ಕಟ್ಟಿತ್ತು. 'ಮಾರ್ಪಡಿಸು' ಎಂದು ಒತ್ತಿದೆ. ಊಟದ ಹೊತ್ತಿಗೆ ಅತ್ತೆ ಹಾಡಿದರು.

ಶಾರದಾ ಕೈ ಒರೆಸಿಕೊಳ್ಳುತ್ತ ಓಡಿಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ಜೋ ಜೋ ನನ ಚಿನ್ನ ಸರಿಯಾಗಿಯೇ ಬಂತು. ನಡುವೆ ಬೆಳ್ಳಿ ಬಟ್ಟಲೂ ಇಲ್ಲ, ಬೆಣ್ಣೆಯೂ ಇಲ್ಲ. "ಎಮ್ಮಿ ಮಲಗ್ಯಾವ, ಎಮ್ಮಿಕರ ಮಲಗ್ಯಾವ" ಎಂದು ಅತ್ತೆ ಕೊಟ್ಟಿಗೆಯನ್ನೆಲ್ಲ ಮಲಗಿಸುತ್ತಿದ್ದರು. ನಾನು ತಿರುಗಿ ನೋಡಿದೆ. ಶಾರದಾ ಕೆಂಪಾಗಿದ್ದಳು. "ನಡುವಿನ ನುಡಿ ನೆನಪಾಗಲಿಲ್ಲರಿ. ಅಷ್ಟು ಮಂದಿ ಮುಂದ ನಿಂದ್ರಸಾಕ ಬರ್ತೈತೇನು? ಬಾಯಿಗೆ ಬಂದದ್ದು ಹಾಡಿಬಿಟ್ಟೆ" ಎಂದಳು. ನಾನು ಏನೋ ದೊಡ್ಡ ಮಾತು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಹಾಡು ಮುಗಿಯಿತು. ಅತ್ತೆ ಸುತ್ತ ಒಮ್ಮೆ ನೋಡಿದರು. ಮತ್ತೆ ತೊಟ್ಟಿಲ ಮೇಲೆ ಬಾಗಿ, ಆ ಮರಾಠಿ ಕೂಸಿಗೆ ಮೆಲ್ಲಗೆ ಹೇಳಿದರು. "ನಡುವಿಂದು ಮರತೀನೋ ಕೂಸ. ನಮ್ಮವ್ವ ಏನೋ ಅಂತಿದ್ಲು. ನಾ ಎಮ್ಮಿ ಸೇರಿಸಿ ಹಾಡೀನಿ. ಯಾರ ಮುಂದೂ ಹೇಳಬ್ಯಾಡ."

ಶಾರದಾ ನಕ್ಕಳು, ನಗುತ್ತ ನಗುತ್ತ ಕುರ್ಚಿ ಹಿಡಿದು ಕುಳಿತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. "ಕೊನೀದಷ್ಟು ಕತ್ತರಿಸಿ ಕಳಸ್ರಿ. ಯಾರ ಮುಂದೂ ಹೇಳಬ್ಯಾಡ ಅಂದಾಳ ಅವ್ವ. ಪಲ್ಲವಿಗೆ ಅಜ್ಜಿದ ಖರೇ ಹಾಡು ಅಂತ ನಂಬಿಕಿ ಇರಲಿ."

ನನ್ನ ಎಡಿಟಿಂಗ್ ವಿದ್ಯೆಗೆ ಕೊನೆಗೂ ಕೆಲಸ ಬಂತು. ಹಾಡಿಗೆ ಮೊದಲಿನದನ್ನು ಕತ್ತರಿಸಿದೆ, ಹಾಡು ಮುಗಿದ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಕತ್ತರಿ ಹಾಕಿದೆ. ಪರದೆಯ ಮೇಲೆ ನಡೆಸಿ ತೋರಿಸಿದೆ. ಅತ್ತೆ ಹಾಡಿ ಮುಗಿಸಿ ಮಾಯವಾದರು. ಶಾರದಾ ಮೆಚ್ಚಿ ಚಹಾ ಮಾಡಿಕೊಟ್ಟಳು. 'ಸೇವ್' ಒತ್ತಿ, ಫೈಲನ್ನು ಮಗಳಿಗೆ ಕಳಿಸಿದೆ. ಈ ಸಾಫ್ಟ್‌ವೇರುಗಳಲ್ಲಿ ಕತ್ತರಿಸಿದ್ದು ಸಾಫ್ಟ್‌ವೇರಿನ ನೆನಪಿನಲ್ಲಿ ಮಾತ್ರ ಇರುತ್ತದೆ, ಅದನ್ನು ಬೇರೆಯಾಗಿ ಹೊಸ ಫೈಲು ಮಾಡಿ ಹೊರತೆಗೆಯಬೇಕು, ಮೂಲದ ಫೈಲಿಗೆ ಒಂದು ಗೀರೂ ಬಿದ್ದಿರುವುದಿಲ್ಲ ಎಂಬುದು ನನಗೆ ತಿಳಿದದ್ದು ಮರುದಿನ, ಮಗಳ ಫೋನು ಬಂದಾಗ. ನಾನು ಕಳಿಸಿದ್ದು ಇಡೀ ಬಾರಸೆಯನ್ನು.

ಪಲ್ಲವಿಯ ದನಿಯಲ್ಲಿ ನಗು ತಡೆಯುತ್ತಿರಲಿಲ್ಲ. "ಅಪ್ಪಾ, ಅಜ್ಜಿ ಶೇವಟಿ, ಕೊನೀಗೆ, ಹೇಳಿದ್ದು ಕೇಳಿದೆ. ಅಜ್ಜಿಗೂ ಬರತಿರಲಿಲ್ಲ, ಅಮ್ಮಗೂ ಬರತಿರಲಿಲ್ಲ. ಹಂಗಾರ ನಂಗೇನ ಭೀತಿ?" ಎಂದಳು. ಫೋನನ್ನು ಎಲ್ಲಿಯೋ ಇಟ್ಟ ಸದ್ದು. ತೊಟ್ಟಿಲು ಕಿರುಗುಟ್ಟಿತು. ಆಮೇಲೆ ನನ್ನ ಮಗಳು, ಹುಟ್ಟಿದಾಗಿನಿಂದ ನಾನು ಕನ್ನಡ ತಿದ್ದುತ್ತ ಬಂದ ಮಗಳು, ಹಾಡಿದಳು. "ಜೋ ಜೋ ನನ ಚಿನ್ನ, ಜೋಕಾಲಿ ತೂಗೇನ. ರಿಕ್ಷಾ ಮಲಗ್ಯಾವ, ವಿಮಾನ ಮಲಗ್ಯಾವ." ತೂಗೇನ ಎಂಬುದನ್ನು ಮರಾಠಿಯಂತೆ ಎಳೆದಳು. ತಿದ್ದಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ. ಕೂಸು ಮಲಗಿತಂತೆ. ಅಮ್ಮನಿಗೆ ಹೇಳಬೇಡಿ ಎಂದು ಅವಳೇ ಪಿಸುಗುಟ್ಟಿದಳು.

ಹೇಳಿಲ್ಲ. ಶಾರದಾಳ ಮಟ್ಟಿಗೆ ಅವ್ವನ ಗುಟ್ಟು ನನ್ನ ಕತ್ತರಿಯ ಬಲದಿಂದ ಭದ್ರವಾಗಿದೆ. ನಿನ್ನೆ ಅವಳು ಪಕ್ಕದ ಮನೆಯವರಿಗೆ, ನಮ್ಮವರು ಈ ವಯಸ್ಸಿನಲ್ಲಿ ವಿಡಿಯೋ ಎಡಿಟಿಂಗ್ ಕಲಿತಿದ್ದಾರೆ, ಬೇಡವಾದದ್ದನ್ನು ಗುರುತೇ ಸಿಗದಂತೆ ತೆಗೆಯುತ್ತಾರೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಪೇಪರಿನಲ್ಲಿ ಮುಖ ಮರೆಸಿಕೊಂಡು ಕೇಳಿಸಿಕೊಂಡೆ. ನಾಳೆ ಅವರು ತಮ್ಮ ಮಗನ ಮದುವೆಯ ವಿಡಿಯೋ ತರುತ್ತಾರಂತೆ. ಯಾರಿಗೂ ಕಾಣಬಾರದ ಒಂದು ಜಗಳ ಅದರಲ್ಲಿದೆಯಂತೆ, ಅಷ್ಟನ್ನು ನಾನು ತೆಗೆದುಕೊಟ್ಟರೆ ಬೀಗರಿಗೆ ಕಳಿಸುತ್ತಾರಂತೆ.